ಬಾಗಿಲ ಕೆಳಸಾಲಿನ ಹೂಗಳು

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಜಪಾನಿನ ಮಾತ್ಸುಮೊತೊದ ಆ ಕೇರಿಯಲ್ಲಿ ಹೆಂಗಸರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಹೊಸ ವರ್ಷ ಹಳೆಯ ಕೊಳೆಯ ಮೇಲೆ ಕಾಲಿಡಬಾರದು. ಗುಡಿಸಿದ್ದಾಯಿತು, ಒರೆಸಿದ್ದಾಯಿತು ಎಂದಮೇಲೆ ಕಾಗದದ ಜಾರುಬಾಗಿಲುಗಳ ಸರದಿ. ಶೋಜಿ ಎಂಬ ಈ ಬಾಗಿಲುಗಳನ್ನು ಒಂದೊಂದಾಗಿ ಅಂಗಳಕ್ಕೆ ಹೊತ್ತು ತಂದು, ನೀರು ಸವರಿ, ಹೊಗೆ ಧೂಳು ಕುಡಿದು ಹಳದಿಯಾದ ಕಾಗದವನ್ನು ಕಿತ್ತು, ಮರದ ಪಟ್ಟಿಗಳನ್ನು ತೊಳೆದು ಒಣಗಿಸಿ ಹೊಸ ಕಾಗದ ಹಚ್ಚಬೇಕು. ಚಳಿಗೆ ಬೆರಳು ಮರಗಟ್ಟಿದರೂ ಸರಿಯೇ, ಹಚ್ಚದೆ ಬಿಟ್ಟ ಮನೆಯನ್ನು ಕೇರಿ ಬಿಡುವುದಿಲ್ಲ.

ಮೊಮೊಸೆ ಮನೆತನದ ಮಿಹೊ ಕೂಡ ಹಚ್ಚುತ್ತಿದ್ದಳು. ಅವಳಷ್ಟು ಸುಕ್ಕಿಲ್ಲದೆ ಕಾಗದ ಹಚ್ಚುವ ಕೈ ಆ ಕೇರಿಯಲ್ಲಿ ಇನ್ನೊಂದಿರಲಿಲ್ಲ. ಆದರೆ ಚಾಪೆ ಕೋಣೆಯ ನಾಲ್ಕು ಬಾಗಿಲುಗಳಲ್ಲಿ ಅವಳು ಹಚ್ಚುತ್ತಿದ್ದದ್ದು ಮೂರಕ್ಕೆ ಮಾತ್ರ. ಗೋಡೆಯ ಪಕ್ಕದ ನಾಲ್ಕನೆಯದು ಹದಿನೆಂಟು ವರ್ಷದಿಂದ ಹಾಗೆಯೇ ಇತ್ತು. ಅದರ ಕಾಗದ ಈಗ ಚಹಾದ ಬಣ್ಣಕ್ಕೆ ತಿರುಗಿತ್ತು.

ಪಕ್ಕದ ಮನೆಯ ಯಾಸುಯೊ ಬಾಯಿ ಬಿಗಿ ಹಿಡಿಯುವ ಹೆಂಗಸಲ್ಲ. ಆ ಕೇರಿಗೆ ಬಂದು ಬಹಳ ವರ್ಷವಾಗಿರದ ಅವಳಿಗೆ ಹಳೆಯದೇನೂ ಗೊತ್ತಿರಲಿಲ್ಲ. ಪ್ರತಿ ವರ್ಷ ಉಪ್ಪಿನಕಾಯಿ ಕೊಡಲು ಬಂದವಳು ಆ ಬಾಗಿಲನ್ನು ನೋಡಿ ನಗುತ್ತಿದ್ದಳು.

"ಮೂರು ಹಲ್ಲು ಉಜ್ಜಿ ಒಂದು ಹಲ್ಲು ಬಿಟ್ಟ ಹಾಗಿದೆ ನೋಡಿ ಮೊಮೊಸೆಯವರೇ, ನಿಮ್ಮ ಮನೆ. ಕಾಗದ ಸಾಲದೇ ಬಂತಾ? ಹೇಳಿದ್ರೆ ನಾನೇ ಕೊಡ್ತಿದ್ದೆ."

ಮಿಹೊ ನಕ್ಕು ಚಹಾ ಬಗ್ಗಿಸುತ್ತಿದ್ದಳು. ನಗುವುದೊಂದು ಅವಳಿಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ಆ ಬಾಗಿಲಿನ ಕೆಳಗಿನ ಸಾಲಿನ ಚೌಕಗಳಲ್ಲಿ ಹೂಗಳಿದ್ದವು. ಮಕ್ಕಳಿರುವ ಮನೆಗಳಲ್ಲಿ ಇದು ಹೊಸದೇನಲ್ಲ. ಬೆರಳನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು ಕಾಗದಕ್ಕೆ ಚುಚ್ಚಿದರೆ ಸದ್ದೇ ಇಲ್ಲದೆ ಒಳಗೆ ಹೋಗುತ್ತದೆ. ಆ ಸುಖ ಕಂಡ ಮಗು ಒಂದಕ್ಕೆ ನಿಲ್ಲಿಸುವುದಿಲ್ಲ. ತಾಯಂದಿರು ಗದರಿ, ಕಾಗದವನ್ನು ಹೂವಿನ ಆಕಾರಕ್ಕೆ ಕತ್ತರಿಸಿ ತೂತಿನ ಮೇಲೆ ಅಂಟಿಸುತ್ತಾರೆ. ಮಿಹೊಳ ಮಗಳು ನಜುನಾಗೆ ಗದರಿಕೆ ಕೇಳಿಸಲಿಲ್ಲ, ಹೂವು ಕಾಣಿಸಿತು. ಮಾರನೆಯ ದಿನವೇ ಪಕ್ಕದಲ್ಲಿ ಇನ್ನೊಂದು ತೂತು ಮಾಡಿ, ಕತ್ತರಿ ಹಿಡಿದುಕೊಂಡು ಬಂದು, "ಅಮ್ಮಾ, ಇಲ್ಲಿ ಹೂವಿಲ್ಲ ನೋಡು" ಎಂದು ನಿಂತಳು. ಹೀಗೆ ನಾಲ್ಕು ಹೂಗಳಾದವು.

ಐದನೆಯದು ಹೂವಲ್ಲ. ಆ ವರ್ಷದ ಶರತ್ಕಾಲದಲ್ಲಿ ಮಿಹೊ ಹೊರಗೆ ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ನಜುನಾ ತಾನೇ ತೂತು ಮಾಡಿ, ತಾನೇ ಕಾಗದ ಕತ್ತರಿಸಿ, ಬೆರಳ ತುಂಬ ಅಂಟು ಬಳಿದುಕೊಂಡು ಹಚ್ಚಿ ಮುಗಿಸಿದ್ದಳು. ಕೆಳಗೆ ದಪ್ಪ, ಮೇಲೊಂದು ಸಣ್ಣ ಗುಂಡು, ಬಾಯಿ ಕಟ್ಟಿ ನೆಲಕ್ಕಿಟ್ಟ ಮೂಟೆಯ ಹಾಗಿತ್ತು.

"ಇದ್ಯಾವ ಹೂವೇ?"

"ಹೂವಲ್ಲ. ಅಪ್ಪ."

"ಅಪ್ಪನಿಗೆ ಕಾಲೆಲ್ಲಿ ಮತ್ತೆ?"

ಇಷ್ಟೂ ಗೊತ್ತಾಗುವುದಿಲ್ಲವೇ ಎಂಬಂತೆ ಮಗು ತಾಯಿಯ ಮುಖ ನೋಡಿತು. "ಅಪ್ಪ ಕೂತಿದ್ದಾರೆ. ಕೆಲಸ ಮಾಡ್ತಿದ್ದಾರೆ."

ಅಪ್ಪ ಬಂದಮೇಲೆ ತೋರಿಸೋಣ ಎಂದು ತಾಯಿ ಮಗಳು ಮಾತಾಡಿಕೊಂಡರು. ಮಿಹೊಳ ಗಂಡ ಶಿಗೆರು ಆಗಷ್ಟೇ ಸ್ವಂತ ಕಚೇರಿ ತೆರೆದಿದ್ದ. ಅವನು ಮನೆಗೆ ಬರುವಾಗ ಮಗು ಮಲಗಿರುತ್ತಿತ್ತು. ನಾನೇ ತೋರಿಸ್ತೀನಿ, ನೀನು ಹೇಳಬಾರದು ಎಂದು ನಜುನಾ ಅಮ್ಮನಿಂದ ಆಣೆ ಹಾಕಿಸಿಕೊಂಡಿದ್ದಳು. ಡಿಸೆಂಬರಿನಲ್ಲಿ, ಅಪ್ಪ ನೋಡೋವರೆಗೂ ಕೀಳಬೇಡ ಎಂದು ಮಗು ಅಡ್ಡ ನಿಂತದ್ದರಿಂದ ಆ ಬಾಗಿಲೊಂದು ಹಾಗೆಯೇ ಉಳಿಯಿತು. ನಾಳೆ, ನಾಡಿದ್ದು ಎನ್ನುತ್ತ ಮಾತು ಮರೆತು ಹೋಯಿತು. ಫೆಬ್ರವರಿಯಲ್ಲಿ ಜ್ವರ ಬಂತು, ಜ್ವರ ತಲೆಗೇರಿತು, ಆಸ್ಪತ್ರೆಯಿಂದ ಇಬ್ಬರೇ ಮನೆಗೆ ಬಂದರು. ಬಟ್ಟೆ, ಗೊಂಬೆ, ಪುಟ್ಟ ಬೂಟುಗಳನ್ನೆಲ್ಲ ಅತ್ತೆ ಗಂಟು ಕಟ್ಟಿ ದೇವಸ್ಥಾನಕ್ಕೆ ಒಯ್ದು ಮಂತ್ರ ಹೇಳಿಸಿ ಸುಡಿಸಿದರು. ಕಣ್ಣೆದುರು ಇದ್ದರೆ ಸೊಸೆ ಉಳಿಯುವುದಿಲ್ಲ ಎಂದು ಆ ಮುದುಕಿಯ ಭಯ. ನಜುನಾಳ ಕೈ ಈ ಭೂಮಿಯ ಮೇಲೆ ಮಾಡಿಟ್ಟದ್ದು ಎಂದು ಉಳಿದದ್ದು ಆ ಕಾಗದದ ಅಪ್ಪ ಒಬ್ಬನೇ. ಬಾಗಿಲನ್ನು ಯಾರೂ ಗಂಟು ಕಟ್ಟುವುದಿಲ್ಲವಲ್ಲ.

ಮಗು ಹುಟ್ಟಿದಮೇಲೆ ಗಂಡ ಹೆಂಡತಿ ಒಬ್ಬರನ್ನೊಬ್ಬರು 'ಅಪ್ಪ', 'ಅಮ್ಮ' ಎಂದೇ ಕರೆಯುವುದು ಅಲ್ಲಿನ ರೂಢಿ. ಇವರೂ ಹಾಗೆ ಕರೆಯುತ್ತಿದ್ದರು. ಮಗು ಹೋದಮೇಲೆ ಆ ಎರಡು ಹೆಸರೂ ಬಾಯಿಗೆ ಬರದಾದವು. ಮದುವೆಯ ಹೊಸತರಲ್ಲಿ ಕರೆಯುತ್ತಿದ್ದ ಹೆಸರುಗಳಿಗೆ ಹಿಂದಿರುಗಲು ನಾಚಿಕೆ. ಕಡೆಗೆ 'ಇಲ್ನೋಡಿ', 'ಕೇಳಿಸ್ತಾ' ಎಂಬಲ್ಲಿಗೆ ಬಂದು ನಿಂತಿತು. ಮಗುವಿನ ಪಟದ ಮುಂದೆ ಅವನು ಬೆಳಗ್ಗೆ ಅವಳು ಏಳುವ ಮುನ್ನ ಊದುಬತ್ತಿ ಹಚ್ಚುತ್ತಿದ್ದ, ಅವಳು ಅವನು ಹೊರಗೆ ಹೋದಮೇಲೆ ಹಚ್ಚುತ್ತಿದ್ದಳು. ಒಟ್ಟಿಗೆ ಕೂತು ಮಗುವಿನ ಹೆಸರನ್ನು ಒಮ್ಮೆಯೂ ಆಡಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಬಂಗಾರವನ್ನು ಹೊತ್ತು ಈ ಇಬ್ಬರೂ ಬೆನ್ನು ಮುರಿದುಕೊಂಡರು ಎಂದು ಯಾರಾದರೂ ಆ ಗಾದೆ ಕಟ್ಟಿದವನಿಗೆ ಹೇಳಬೇಕು.

ಶಿಗೆರುವಿನ ಕೆಲಸ ಮನೆಗಳ ಒಳಗನ್ನು ಹೊಸದು ಮಾಡುವುದು. ಕೆಡವಿ ಕಟ್ಟುವವರ ಪೈಕಿಯಲ್ಲ ಅವನು. ಹೊಗೆ ಹಿಡಿದು ಕಪ್ಪಾದ ತೊಲೆಯನ್ನು ಹಾಗೆಯೇ ಬಿಟ್ಟು ಅದರ ಕೆಳಗೆ ಹೊಸ ಅಡುಗೆಕಟ್ಟೆ ತರುತ್ತಿದ್ದ. ಮರದ ನೆಲದಡಿ ಬಿಸಿನೀರಿನ ಕೊಳವೆ ಓಡಿಸಿ, ಮೂಲೆಯಲ್ಲೊಂದು ಚಾಪೆಯ ಜಗಲಿ ಎತ್ತರಿಸುತ್ತಿದ್ದ. ಅವನು ಮುಟ್ಟಿದ ಮನೆಗೆ ಹೋದರೆ ಅಜ್ಜಿಗೂ ತನ್ನ ಮನೆ ಅನ್ನಿಸಬೇಕು, ಮೊಮ್ಮಗಳಿಗೂ ಅನ್ನಿಸಬೇಕು. "ಎಲುಬು ಹಳೇದಿರ್ಲಿ, ಚರ್ಮ ಹೊಸದಾಗ್ಲಿ" ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಆ ಮಾತು ಒಂದೆರಡು ಪತ್ರಿಕೆಗಳಲ್ಲೂ ಬಂದಿತ್ತು. ಅವನ ಸ್ವಂತ ಮನೆಯಲ್ಲಿ ಮಾತ್ರ ಚಳಿಗಾಲದಲ್ಲಿ ಉಸಿರು ಹೊಗೆಯಾಗಿ ಕಾಣುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಯಾಸುಯೊ ಅವನೆದುರಿಗೇ ಹೇಳಿ ನಗುತ್ತಿದ್ದಳು.

ಮಿಹೊಳ ಮಂಡಿನೋವು ಹೆಚ್ಚಾಗಿ, ಚಾಪೆಯ ಮೇಲೆ ಕೂತರೆ ಏಳಲು ಕಂಬ ಹಿಡಿಯಬೇಕಾಗಿ ಬಂದ ವರ್ಷ ಶಿಗೆರು ಮನೆಯ ನಕ್ಷೆ ಬರೆದು ತಂದು ಮೇಜಿನ ಮೇಲೆ ಹಾಸಿದ. ಕಾಲು ಇಳಿಬಿಟ್ಟು ಕೂರುವಂತೆ ಎತ್ತರಿಸಿದ ಜಗಲಿ, ಬೆಚ್ಚಗಿನ ನೆಲ, ಬೆಳಕಿಗೆ ಮುಖ ಮಾಡಿದ ಅಡುಗೆಕಟ್ಟೆ. ಅಂಗಳದ ಕಡೆ ನಾಲ್ಕು ಕಾಗದದ ಬಾಗಿಲುಗಳ ಜಾಗದಲ್ಲಿ ಒಂದೇ ದೊಡ್ಡ ಗಾಜು. ಮಿಹೊ ಎಲ್ಲವನ್ನೂ ನೋಡಿದಳು. ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡಳು. ಹೇಳಬೇಕಾದರೆ ಮಗುವಿನ ಹೆಸರು ಎತ್ತಬೇಕು. ನಾಲಗೆ ಅಲ್ಲಿಯವರೆಗೆ ಹೋಗಿ ಹಿಂದೆ ಬಂತು.

"ಗೋಡೆ ಪಕ್ಕದ ಆ ಬಾಗಿಲೊಂದು ಹಾಗೇ ಇರ್ಲಿ," ಎಂದಳು.

ಶಿಗೆರು ನಕ್ಷೆಯಿಂದ ಕಣ್ಣೆತ್ತಲಿಲ್ಲ. ಬಾಗಿಲಿನತ್ತ ತಿರುಗಲಿಲ್ಲ. ಆ ಕೋಣೆಯಲ್ಲಿ ಅವನು ಎಂದೂ ಅದಕ್ಕೆ ಬೆನ್ನು ಹಾಕಿಯೇ ಕೂರುತ್ತಿದ್ದ.

"ಇರ್ಲಿ," ಎಂದ. "ಅದನ್ನ ಬಿಟ್ಟು ಮನೆ ಮಾಡಲ್ಲ."

ಮಾರನೆಯ ದಿನ ನೋಡಿದರೆ ಇಡೀ ಕೋಣೆಯನ್ನು ಅಳಿಸಿ ಬೇರೆ ಬರೆದಿದ್ದ. ಗಾಜಿನ ಮುಂದೆ, ನಟ್ಟನಡುವೆ, ಆ ಒಂದು ಬಾಗಿಲು. ಮಿಕ್ಕದ್ದೆಲ್ಲ ಅದಕ್ಕೆ ಸುತ್ತಿಕೊಂಡಂತೆ. ಸೀಸದ ಕಡ್ಡಿಯ ಆ ಗೆರೆಗಳ ಮೇಲೆ ಮಿಹೊ ಬೆರಳಾಡಿಸಿದಳು. ಇವರಿಗೂ ಗೊತ್ತಿದೆ, ಹೇಳದಿದ್ದರೂ ಗೊತ್ತಿದೆ ಎಂದುಕೊಂಡಳು. ಅಷ್ಟು ವರ್ಷಗಳಲ್ಲಿ ಗಂಡನ ಮೇಲೆ ಅಷ್ಟು ಪ್ರೀತಿ ಉಕ್ಕಿದ್ದು ಅದೇ ಮೊದಲು.

ಕೆಲಸ ಶುರುವಾಗುವ ಮುನ್ನ ಬಾಡಿಗೆ ಮನೆಗೆ ಹೋಗಬೇಕಾಯಿತು. ಮಿಹೊ ಆ ಬಾಗಿಲಿನ ಕೆಳಭಾಗಕ್ಕೆ ಮೆತ್ತನೆಯ ಹತ್ತಿಬಟ್ಟೆ ಸುತ್ತಿ, ಮೇಲೆ ರಜಾಯಿ ಹೊದಿಸಿ, ಮಗುವನ್ನು ಮಲಗಿಸುವ ಹಾಗೆ ಗೋಡೆಗೆ ಒರಗಿಸಿದಳು. ಉಳಿದ ಬಾಗಿಲುಗಳನ್ನು ಬಡಗಿ ಕುರಾಶಿನಾ ಬಂದು ಲಾರಿಗೆ ಹೇರಿಕೊಂಡ. ಇದಕ್ಕೂ ಕೈ ಹಾಕಿದಾಗ ಶಿಗೆರು ತಡೆದ. ಇದು ನನ್ನ ಹತ್ತಿರವೇ ಇರುತ್ತದೆ ಎಂದು ತಾನೇ ಎತ್ತಿ ಕಾರಿನಲ್ಲಿಟ್ಟುಕೊಂಡು ಕಚೇರಿಗೆ ಒಯ್ದ. ಮಿಹೊ ನಿಶ್ಚಿಂತಳಾದಳು. ಅವನ ಕೈಯಲ್ಲಿದ್ದ ವಸ್ತುವಿಗೆ ಎಂದೂ ಒಂದು ಗೀರೂ ಬಿದ್ದದ್ದಿಲ್ಲ.

ಬಾಡಿಗೆ ಮನೆಯ ದಿನಗಳು ಚೆನ್ನಾಗಿಯೇ ಕಳೆದವು. ಜಾಗ ಕಿಷ್ಕಿಂಧೆ. ಇಬ್ಬರೂ ಒಂದೇ ಮೇಜಿನ ಎರಡು ಕಡೆ ಮಿಸೊ ಸಾರು ಕುಡಿಯುತ್ತ, ಮೊಣಕೈ ತಾಗಿಸಿಕೊಳ್ಳುತ್ತ ಇದ್ದರು. ಹಿಂದಿಗಿಂತ ಮಾತು ಹೆಚ್ಚಾಗಿತ್ತು. ನೆಲಕ್ಕೆ ಚೆಸ್ಟ್‌ನಟ್ ಮರವೋ ಸೀಡರೋ, ದೀಪ ಹಳದಿಯೋ ಬಿಳಿಯೋ ಎಂದು ಅವನು ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು. ಶಿಗೆರು ಏನನ್ನೋ ಒಳಗೊಳಗೇ ಬಚ್ಚಿಟ್ಟುಕೊಂಡ ಹುಡುಗನಂತೆ ಕಾಣುತ್ತಿದ್ದ.

ಒಂದು ಸಂಜೆ ಅವನು ಕಚೇರಿಯಿಂದ ಪ್ಲಾಸ್ಟಿಕ್ ಚೀಲವೊಂದನ್ನು ತಂದು ಅಡುಗೆಮನೆಯ ಕಸದ ಬುಟ್ಟಿಗೆ ಹಾಕಿದ. ಕೆಳಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಇದೇನೆಂದು ಅವಳು ಕೇಳಿದ್ದಕ್ಕೆ, ಮನೆಯದೇ ಕಸ, ಕಚೇರಿಯ ಕಸದ ಜೊತೆ ಹಾಕುವ ಹಾಗಿಲ್ಲವಲ್ಲ, ಅದಕ್ಕೆ ತಂದೆ ಎಂದ. ಆ ಊರಿನ ಜನ ಹಾಗೆಯೇ. ಮನೆಯ ಕಸ ಬೇರೆ, ಕಚೇರಿಯ ಕಸ ಬೇರೆ. ಒಂದನ್ನು ಇನ್ನೊಂದಕ್ಕೆ ಸೇರಿಸುವುದು ಕಳ್ಳತನ ಮಾಡಿದ ಹಾಗೆ. ಅವನ ಊಟದ ಡಬ್ಬಿಯ ಉಳಿಕೆ, ಚಹಾದ ಚರಟ ಇರಬೇಕೆಂದು ಮಿಹೊ ತಿಳಿದಳು.

"ಸುಡೋ ಕಸಕ್ಕೆ ನೀರು ಹಿಂಡಿ ಹಾಕ್ಬೇಕು ಅಂತ ಸಣ್ಣ ಮಕ್ಕಳಿಗೂ ಗೊತ್ತು. ಊರವರ ಮನೆಯೆಲ್ಲ ತಿದ್ದುತ್ತೀರಿ, ಒಂದು ಚೀಲ ಹಿಂಡೋಕೆ ಬರಲ್ಲ."

ಹೀಗೆನ್ನುತ್ತ ಚೀಲವನ್ನು ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ ಹಿಡಿದು ಎರಡು ಕೈಯಿಂದ ಬಲವಾಗಿ ಹಿಂಡಿದಳು. ಒಳಗಿನದು ಹಿಟ್ಟಿನ ಮುದ್ದೆಯಂತೆ ಮೆತ್ತಗಿತ್ತು. ತಿಳಿ ಚಹಾದ ಬಣ್ಣದ ನೀರು ಇಳಿಯಿತು. ಇನ್ನೊಮ್ಮೆ ಹಿಂಡಿದಳು. ಶಿಗೆರು ಹಿಂದೆ ನಿಂತು ಅವಳ ಕೈಯನ್ನೇ ನೋಡುತ್ತಿದ್ದ. ಏನೋ ಹೇಳಲು ಬಾಯಿ ತೆರೆದವನು, ಸ್ನಾನ ಮಾಡುತ್ತೇನೆಂದು ಹೋಗಿಬಿಟ್ಟ. ಸುಡುವ ಕಸ ಒಯ್ಯುವ ದಿನವಾದ ಶುಕ್ರವಾರ ಬೆಳಗ್ಗೆ ಅವಳೇ ಆ ಕಸವನ್ನು ಒಯ್ದು ಬೀದಿಯ ಮೂಲೆಯಲ್ಲಿ, ಕಾಗೆ ಕೆದಕದಂತೆ ಬಲೆಯ ಕೆಳಗೆ ಇಟ್ಟು ಬಂದಳು.

ವರ್ಷ ಮುಗಿಯುವ ಹೊತ್ತಿಗೆ ಮನೆ ಸಿದ್ಧವಾಯಿತು. ಆ ದಿನ ಬಿಸಿಲು ಚೆನ್ನಾಗಿತ್ತು, ದೂರದ ಬೆಟ್ಟಗಳ ಹಿಮ ಕಣ್ಣು ಕುಕ್ಕುತ್ತಿತ್ತು. ಶಿಗೆರು ಬೀಗ ತೆಗೆದು ಪಕ್ಕಕ್ಕೆ ಸರಿದು, ಗಿರಾಕಿಯನ್ನು ಬಿಡುವ ಹಾಗೆ ಅವಳನ್ನು ಮುಂದೆ ಬಿಟ್ಟ. ಚಪ್ಪಲಿ ಬಿಟ್ಟು ಕಾಲಿಟ್ಟಳು. ನೆಲ ಬೆಚ್ಚಗಿತ್ತು. ತಲೆಯ ಮೇಲೆ ಹಳೆಯ ತೊಲೆ ಎಣ್ಣೆ ಸವರಿಸಿಕೊಂಡು ಹೊಳೆಯುತ್ತಿತ್ತು. ಚಾಪೆಯ ಜಗಲಿ ಅವಳ ಮಂಡಿಗೆ ಸರಿಯಾದ ಎತ್ತರಕ್ಕಿತ್ತು. ಕೂತಳು, ಕಂಬ ಹಿಡಿಯದೆ ಎದ್ದಳು. ಜಗಲಿಯ ಪಕ್ಕದ ಗೋಡೆಯಲ್ಲಿ ಮಗುವಿನ ಪಟಕ್ಕೆಂದು ಚಿಕ್ಕ ಗೂಡು ಮಾಡಿದ್ದ, ಇಬ್ಬರು ಒಟ್ಟಿಗೆ ಕೂರುವಷ್ಟು ಜಾಗ ಅದರ ಮುಂದೆ ಬಿಟ್ಟಿದ್ದ. ಅದನ್ನು ನೋಡಿ ಅವಳ ಕಣ್ಣು ತುಂಬಿತು. ತುಂಬಾ ಚೆನ್ನಾಗಿದೆ ಎಂದಳು. ನಿಜವಾಗಿಯೂ ಚೆನ್ನಾಗಿತ್ತು.

ಆಮೇಲೆ ಬಾಗಿಲಿನ ಕಡೆ ತಿರುಗಿದಳು.

ಅದು ನಡುಮಧ್ಯದಲ್ಲಿ, ನಕ್ಷೆಯಲ್ಲಿದ್ದಂತೆಯೇ ನಿಂತಿತ್ತು. ಹಿಂದಿನ ಗಾಜಿನಿಂದ ಬಂದ ಬಿಸಿಲು ಕಾಗದದಲ್ಲಿ ಸೋಸಿ ಇಡೀ ಕೋಣೆಗೆ ಹಾಲಿನ ಬೆಳಕು ಹರಡಿತ್ತು. ಕಾಗದ ಬೆಳ್ಳಗಿತ್ತು. ಮಿಹೊಗೆ ಮೊದಲು ಅರ್ಥವಾಗಲಿಲ್ಲ. ಮಂಡಿಯ ನೋವು ಮರೆತು ನೆಲದ ಮೇಲೆ ಕುಳಿತು, ಕೆಳಗಿನ ಸಾಲನ್ನು ಅಂಗೈಯಿಂದ ಸವರಿದಳು. ನುಣ್ಣಗಿತ್ತು. ಹಿಂದು ಮುಂದಾಗಿ ಹಾಕಿರಬೇಕೆಂದು ಬಾಗಿಲು ಸರಿಸಿ ಹಿಂಬದಿ ನೋಡಿದಳು. ಬೇರೆ ಬಾಗಿಲೇನೋ ಎಂದು ಚೌಕಟ್ಟು ನೋಡಿದಳು. ಅದೇ ಚೌಕಟ್ಟು, ಬಲಗಡೆಯ ಪಟ್ಟಿಯಲ್ಲಿ ಅದೇ ಗಂಟು.

"ಕಾಗದ ಎಲ್ಲಿ?" ಎಂದು ಕೇಳಿದಳು.

ಶಿಗೆರು ಇದೇ ಪ್ರಶ್ನೆಗೆ ಕಾದಿದ್ದವನ ಹಾಗೆ ಹತ್ತಿರ ಬಂದ. ತಗ್ಗಿದ ದನಿಯಲ್ಲಿ, ನಾಚಿಕೊಂಡು ಹೇಳಿದ. "ನಾನೇ ಹಚ್ಚಿದೆ. ಕುರಾಶಿನಾಗೂ ಮುಟ್ಟೋಕೆ ಬಿಡ್ಲಿಲ್ಲ. ಪ್ರತಿ ವರ್ಷ ನೀನು ಬ್ರಷ್ ಹಿಡ್ಕೊಂಡು ಇದರ ಮುಂದೆ ಕೂತ್ಕೋತಿದ್ದೆ, ಆಮೇಲೆ ಹಾಗೇ ಎದ್ದು ಹೋಗ್ತಿದ್ದೆ. ನಾನು ನೋಡ್ತಿದ್ದೆ. ಇವಳ ಕೈಲಿ ಆಗ್ತಿಲ್ಲ ಅಂತ ಗೊತ್ತಾಗ್ತಿತ್ತು. ನಾನಾದ್ರೂ ಮಾಡ್ಬೇಕಿತ್ತು, ನನಗೂ ಧೈರ್ಯ ಇರ್ಲಿಲ್ಲ. ಈ ಸಲ ಮಾಡ್ದೆ."

"ಧೂಳು ಒರೆಸ್ತಿದ್ದೆ," ಎಂದಳು ಮಿಹೊ. "ಬ್ರಷ್ಷಿಂದ ಧೂಳು ಒರೆಸ್ತಿದ್ದೆ ಅಷ್ಟೇ."

ಅವನಿಗೆ ತಿಳಿಯಲಿಲ್ಲ. ಬಾಗಿಲೆಂದರೆ ಅವನಿಗೆ ಚೌಕಟ್ಟು. ಅವನಿಗಷ್ಟೇ ಅಲ್ಲ, ಆ ಊರಿನ ಯಾರನ್ನೇ ಕೇಳಿ. ಶೋಜಿಯನ್ನು ಉಳಿಸಿಕೋ ಎಂದರೆ ಮರವನ್ನು ಉಳಿಸಿ ಕಾಗದ ಬದಲಾಯಿಸುತ್ತಾರೆ. ಉಳಿಸುವುದು ಎಂದರೆ ಅದೇ. ಪ್ರೀತಿ ಹೆಚ್ಚಿದಷ್ಟೂ ಕಾಗದ ಹೊಸದು.

"ಹಳೇ ಕಾಗದ ಏನ್ಮಾಡಿದ್ರಿ?"

"ಆವತ್ತು ತಂದಿದ್ನಲ್ಲ, ಚೀಲದಲ್ಲಿ. ಅದು ಮನೆಯದು, ಕಚೇರೀಲಿ ಬಿಸಾಡೋಕೆ ಮನಸ್ಸಾಗ್ಲಿಲ್ಲ." ಅವನು ಅವಳ ಕೈಗಳನ್ನು ನೋಡಿದ. "ನೀನೇ ಹಿಂಡಿದೆ. ಆಗಲೇ ಹೇಳ್ಬೇಕು ಅನ್ನಿಸ್ತು. ಮನೆ ತೋರಿಸೋವಾಗ ಹೇಳೋಣ ಅಂತ ಸುಮ್ನಾದೆ."

ಮಿಹೊ ತನ್ನ ಎರಡು ಕೈಗಳನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು ನೋಡಿದಳು. ಆ ಮುದ್ದೆಯ ಮೆದುತನ ಇನ್ನೂ ಅಂಗೈಯಲ್ಲೇ ಇತ್ತು. ಒಮ್ಮೆ ಸಾಲದೆಂದು ಎರಡು ಸಲ ಹಿಂಡಿದ್ದಳು. ಕಿರುಚಬೇಕೆನ್ನಿಸಿತು. ಈ ಬೆಚ್ಚಗಿನ ನೆಲ, ಈ ಹೊಳೆಯುವ ತೊಲೆ, ಈ ಹಾಲಿನ ಬೆಳಕು ಯಾವುದೂ ಬೇಡ, ಆ ಕೊಳಕು ಚೀಲ ಕೊಡಿ ಎಂದು ಅವನ ಅಂಗಿ ಹಿಡಿದು ಎಳೆಯಬೇಕೆನ್ನಿಸಿತು. ಅವನ ಮೇಲಿನ ಸಿಟ್ಟು ಅರ್ಧ ದಾರಿಗೆ ಹೋಗಿ ತನ್ನ ಮೇಲೆಯೇ ತಿರುಗಿತು. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಒಂದೇ ಮಾತು.

ಈಗ ಹೇಳಿದಳು. "ಅವು ನಜುನಾ ಮಾಡಿದ ತೂತುಗಳು."

ಅಷ್ಟು ವರ್ಷಗಳ ಮೇಲೆ ಆ ಹೆಸರು ಇಬ್ಬರ ನಡುವೆ ಬಂದು ಕೂತಿತು. ಶಿಗೆರು ಅವಳ ಪಕ್ಕದಲ್ಲಿ ಕಾಲು ಮಡಿಸಿ ಕೂತ.

"ಹೂಗಳು ನಿನ್ನ ಕೈಯವು ಅಂತ ಗೊತ್ತಿತ್ತು. ಒಂದೊಂದಕ್ಕೂ ಬೇರೆಬೇರೆಯಾಗಿ ನೀರು ಹಚ್ಚಿದೆ. ಮೆತ್ತಗಾಗೋವರೆಗೂ ಕಾದು, ನೋವಾಗ್ದ ಹಾಗೆ ತೆಗೆದೆ. ಹೂವು ಅಷ್ಟೇ ಕಂಡಿತು. ಅದರ ಹಿಂದೆ ಅವಳ ಬೆರಳು ಇತ್ತು ಅಂತ ಹೊಳೀಲಿಲ್ಲ ನನಗೆ."

ಆಮೇಲೆ ಅವನು ಮಾಡಿದ್ದನ್ನು ತಡೆಯಲು ಮಿಹೊಗೆ ಸಮಯ ಸಿಗಲಿಲ್ಲ. ತೋರುಬೆರಳನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು, ಕೆಳಗಿನ ಸಾಲಿನ ಕಾಗದಕ್ಕೆ ಒತ್ತಿದ. ಸದ್ದಿಲ್ಲದೆ ಒಳಗೆ ಹೋಯಿತು. ಬೆರಳು ತೆಗೆದಾಗ ಅಲ್ಲೊಂದು ದೊಡ್ಡ ತೂತು, ಅಂಚು ಹರಿದುಕೊಂಡಿತ್ತು. ಅದರಿಂದ ಬಿಸಿಲಿನ ಒಂದು ತುಂಡು ಅವನ ತೊಡೆಯ ಮೇಲೆ ಬಿತ್ತು. ನಜುನಾಳ ತೂತುಗಳು ಸೋಯಾ ಕಾಳಿನಷ್ಟಿದ್ದವು. ಇದು ದೊಡ್ಡ ಗಂಡಸಿನ ಬೆರಳು. ಅವನಿಗೂ ಅದು ಕಂಡಿತು. ಇನ್ನೊಂದು ತೂತು ಮಾಡಲಿಲ್ಲ, ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಅತ್ತ. ಆಸ್ಪತ್ರೆಯಲ್ಲೂ ಅಳದಿದ್ದವನು ಹೊಸ ನೆಲದ ಮೇಲೆ ಹಣೆ ತಾಗುವಷ್ಟು ಬಾಗಿ ಅತ್ತ.

ಸಮಾಧಾನವಾದಮೇಲೆ, ಮುಖ ಒರೆಸಿಕೊಳ್ಳದೆ, ಬಾಗಿಲಿನ ಕಡೆಯೇ ನೋಡುತ್ತ ಕೇಳಿದ.

"ಒಂದು ಮಾತ್ರ ಹೂವಾಗಿರ್ಲಿಲ್ಲ. ಕೊನೇದು. ಯಾವ ಆಕಾರವೂ ಇರ್ಲಿಲ್ಲ ಅದಕ್ಕೆ, ಕೆಳಗೆ ದಪ್ಪ ಇತ್ತು. ಕೀಳೋವಾಗ ಸ್ವಲ್ಪ ಹೊತ್ತು ಕೈಯಲ್ಲಿ ಹಿಡ್ಕೊಂಡಿದ್ದೆ. ಅದು... ಅವಳು ಮಾಡಿದ್ದಾ?"

ಅಪ್ಪನಿಗೆ ತೋರಿಸುವ ದಿನ ಕಡೆಗೂ ಬಂದಿತ್ತು. ಕೈಯಲ್ಲಿ ಹಿಡಿದು ನೋಡಿಯೂ ಇದ್ದ. ಆ ಮಾತು ಮಿಹೊಳ ನಾಲಗೆಯ ತುದಿಗೆ ಬಂತು. ಈ ಸಲ ಅದನ್ನು ತಡೆದದ್ದು ಹೆದರಿಕೆಯಲ್ಲ.

"ಅಲ್ಲ," ಎಂದಳು. "ನಂದೇ. ಆತುರದಲ್ಲಿ ಕೈಗೆ ಸಿಕ್ಕಿದ್ದು ಅಂಟಿಸಿದ್ದೆ."

ಶಿಗೆರು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಬಿಟ್ಟ.

"ಸದ್ಯ," ಎಂದ. "ಸದ್ಯ, ಅಮ್ಮ. ಅವಳ ಕೈಯದ್ದೇನಾದ್ರೂ ಕಿತ್ತು ಹಾಕಿಬಿಟ್ನೇನೋ ಅಂತ ಹೆದರಿದ್ದೆ."

ಅಮ್ಮ ಎಂದು ಕರೆದದ್ದು ಅವನಿಗೇ ಗೊತ್ತಾಗಿರಲಿಲ್ಲ. ಮಿಹೊ ಓಗೊಟ್ಟಳು, ಅಪ್ಪ ಎಂದು ತಿರುಗಿ ಕರೆಯಲು ಮಾತ್ರ ಅವಳಿಂದ ಆಗಲಿಲ್ಲ. ಅವನು ಮತ್ತೆ ತಲೆ ತಗ್ಗಿಸಿ, ತಾನು ಮಾಡಿದ ತೂತಿನ ಹರಿದ ಅಂಚುಗಳನ್ನು ಒಂದೊಂದಾಗಿ ಬೆರಳ ತುದಿಯಿಂದ ಸರಿಪಡಿಸತೊಡಗಿದ. ಮಿಹೊ ಎದ್ದು ಅಂಟು ಹುಡುಕಲು ಹೊರಟವಳು ಜಗಲಿಯ ಹತ್ತಿರ ನಿಂತು ತಿರುಗಿ ನೋಡಿದಳು. ಕಾಲು ಮಡಿಸಿ ಕೂತಿದ್ದ, ಕಾಲು ಕಾಣುತ್ತಿರಲಿಲ್ಲ. ಕೆಳಗೆ ದಪ್ಪ, ಮೇಲೊಂದು ಸಣ್ಣ ಗುಂಡು. ಅಪ್ಪ ಕೂತಿದ್ದಾರೆ, ಕೆಲಸ ಮಾಡ್ತಿದ್ದಾರೆ. ಮಗು ಸರಿಯಾಗಿಯೇ ಕತ್ತರಿಸಿತ್ತು.